ನಿಮಗಿದು ಗೊತ್ತೇ? ಬಿಸಿಯೂಟದ ತಾಟಿನಲ್ಲಿ ಏನೇನೆಲ್ಲ ಅಡಗಿದೆ!

ಮಸರಕಲ್. ಈ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಾಲಿಗೆಗೆ ಮೊಸರು ತಾಗಿತೇ? ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಈ ಊರನ್ನು ಹರಿದಾಸರ ಚರಿತ್ರೆ ಬರೆದವರು ಮೊಸರಕಲ್ಲು ಎಂದೇ ಕರೆಯುತ್ತಾರೆ. ಊಟದ ಕೊನೆಯ ತುತ್ತನ್ನು ಹೆಸರಿನಲ್ಲೇ ಕಟ್ಟಿಕೊಂಡ ಊರು!

ಈ ಊರಿನಲ್ಲಿ ಹುಟ್ಟಿದವರು ಯಾರು ಹೇಳಿ? ಗೋಪಾಲದಾಸರು! 18ನೇ ಶತಮಾನದ ದೊಡ್ಡ ಹರಿದಾಸರು. ಅವರ ಹೆಸರಿನ ಜೊತೆಗೆ ತಪ್ಪಿಸಿಕೊಂಡ ಊಟವೊಂದರ ಕಥೆ ಅಂಟಿಕೊಂಡಿದೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಪಂಡಿತರಿದ್ದರು. ಗೋಪಾಲದಾಸರ ಗುರು ವಿಜಯದಾಸರು ಅವರನ್ನು ಊಟಕ್ಕೆ ಕರೆದರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರ ಪಂಕ್ತಿಯಲ್ಲಿ ಕೂರಲು ಪಂಡಿತರಿಗೆ ಮನಸ್ಸಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಜಾರಿಕೊಂಡರು. ಆಮೇಲೆ ನಿಜವಾದ ಹೊಟ್ಟೆನೋವೇ ಬಂದು ಕೂತಿತಂತೆ!

ಆ ನೋವು ಬಿಡಿಸಿದವರು ನಮ್ಮ ಮೊಸರಕಲ್ಲಿನ ಗೋಪಾಲದಾಸರೇ. ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಕೊಟ್ಟರು ಎನ್ನುತ್ತದೆ ಕಥೆ. ಆ ಪಂಡಿತರೇ ಮುಂದೆ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರಾದರು. ಕರೆದ ಊಟಕ್ಕೆ ಹೋಗದಿದ್ದರೆ ಏನಾಗುತ್ತದೆ ನೋಡಿ!

ಹೊಟ್ಟೆನೋವು ಈ ಸೀಮೆಯ ಶಾಲೆಗಳಿಗೂ ಹೊಸದಲ್ಲ. ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ಯಾರಾದರೊಬ್ಬರು ಕೈಯೆತ್ತುತ್ತಾರೆ: "ಸಾರ್, ಹೊಟ್ಟಿ ನೋಯ್ತದ್ರಿ." ಅನುಭವಸ್ಥ ಮೇಷ್ಟ್ರು ಗುಳಿಗೆ ಹುಡುಕುವುದಿಲ್ಲ. ಮುಂಜಾನೆ ಏನು ತಿಂದಿ ಎಂದು ಕೇಳುತ್ತಾರೆ. ಎಷ್ಟೋ ಸಲ ಅದು ನೋವೇ ಅಲ್ಲ, ಹಸಿವು!

ಈಗ ಬನ್ನಿ, ಅಸಲು ವಿಷಯಕ್ಕೆ. ಕರ್ನಾಟಕ ಸರ್ಕಾರ ತನ್ನ ಬಿಸಿಯೂಟವನ್ನು ಮೊದಲು ಬಡಿಸಿದ್ದು ಎಲ್ಲಿ? ಬೆಂಗಳೂರಿನಲ್ಲಾ? ಮೈಸೂರಿನಲ್ಲಾ? ಎರಡೂ ಅಲ್ಲ! 2002ರಲ್ಲಿ ರಾಯಚೂರು, ಬೀದರ್, ಗುಲ್ಬರ್ಗಾ, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಎಂಬ ಏಳು ಜಿಲ್ಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮೊದಲ ತುತ್ತು ಸಿಕ್ಕಿತು. ಉಳಿದ 20 ಜಿಲ್ಲೆಗಳು ಮುಂದಿನ ವರ್ಷದ ತನಕ ಕಾದವು. ರಾಜಧಾನಿ ಕೂಡ ಸಾಲಿನಲ್ಲಿ ಹಿಂದೆ!

ಇದರ ಮಜಾ ಏನೆಂದರೆ, ರಾಯಚೂರು ಪಟ್ಟಿಗಳ ತಳದಲ್ಲಿ ಕಾಣಿಸಿಕೊಂಡೇ ಹೆಸರಾದ ಜಿಲ್ಲೆ. 2011ರ ಜನಗಣತಿಯಲ್ಲಿ ಇದರ ಸಾಕ್ಷರತೆ ಶೇ 59.56. ರಾಜ್ಯದಲ್ಲಿ ಇದಕ್ಕಿಂತ ಕೆಳಗೆ ಯಾದಗಿರಿ ಒಂದೇ. ಪಟ್ಟಿಯಲ್ಲಿ ಹಿಂದೆ, ಪಂಕ್ತಿಯಲ್ಲಿ ಮೊದಲು!

'ಅಕ್ಷರ ದಾಸೋಹ' ಎಂಬ ಈ ಯೋಜನೆಯ ಹೆಸರನ್ನು ಶಾಲೆಯ ಅಡುಗೆಮನೆಯ ಗೋಡೆಯ ಮೇಲೆ ಬರೆದಿರುತ್ತಾರಲ್ಲ, ಆ ದಾಸೋಹದ ಅರ್ಥ ಗೊತ್ತೇ? ಅನ್ನ ಎಂಬ ಅರ್ಥ ಅದರಲ್ಲಿ ಎಲ್ಲೂ ಇಲ್ಲ! ದಾಸೋಹಂ, ಅಂದರೆ 'ನಾನು ದಾಸ'. ಶರಣರ ಬಾಯಲ್ಲಿ ಬೆಳೆದ ಮಾತು. ಉಣ್ಣುವವರ ಬಗ್ಗೆ ಅದು ಏನೂ ಹೇಳುವುದಿಲ್ಲ, ಬಡಿಸುವವರ ಬಗ್ಗೆ ಮಾತ್ರ ಹೇಳುತ್ತದೆ. ಸರ್ಕಾರಿ ಯೋಜನೆಯೊಂದು 'ನಾನು ನಿಮ್ಮ ಸೇವಕ' ಎಂದು ಬೋರ್ಡು ಹಾಕಿಕೊಂಡಿರುವುದು ಇನ್ನೆಲ್ಲಾದರೂ ಇದೆಯೇ?

ದಾಸೋಹಕ್ಕೆ ಕ್ಯಾಲೆಂಡರಿನಲ್ಲಿ ಒಂದು ದಿನವೂ ಇದೆ. ಸಾವಿರಾರು ಮಕ್ಕಳಿಗೆ ದಿನವೂ ಊಟ, ಓದು ಕೊಟ್ಟ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದದ್ದು 2019ರ ಜನವರಿ 21ರಂದು. ಆ ದಿನವೇ ಈಗ ದಾಸೋಹ ದಿನ!

ಬಿಸಿಯೂಟಕ್ಕೆ ಮೊದಲು ಏನಿತ್ತು? ಒಣಯೂಟ! ನಗಬೇಡಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಶುರುವಾದಾಗ ಹೆಚ್ಚಿನ ರಾಜ್ಯಗಳು ಒಲೆಯನ್ನೇ ಹಚ್ಚಲಿಲ್ಲ. ತಿಂಗಳಿಗೆ 3 ಕಿಲೋ ಧಾನ್ಯ ಅಳೆದು ಮನೆಗೆ ಕಳಿಸಿದವು. ಷರತ್ತು ಒಂದೇ, ಶೇ 80 ಹಾಜರಾತಿ. ಆ ಚೀಲ ಮನೆ ಸೇರಿದರೆ ಉಣ್ಣುವವರು ಎಷ್ಟು ಮಂದಿ? ಮಗುವಿನ ಪಾಲು ಮನೆಮಂದಿಯ ಪಾಲು!

ನಿಮಗೆ 50 ದಾಟಿದೆಯೇ? ಹಾಗಾದರೆ ಅದಕ್ಕೂ ಹಿಂದೆ ಶಾಲೆಯಲ್ಲಿ ಕೊಡುತ್ತಿದ್ದ 'ಕೇರ್ ಉಪ್ಪಿಟ್ಟು' ನೆನಪಿರಬೇಕು. ಹಳದಿ ಬಣ್ಣ, ಜೋಳದ್ದೋ ಗೋಧಿಯದೋ ತಿಳಿಯದ ಒಂದು ವಾಸನೆ. ಆ ಕೇರ್ ಹುಟ್ಟಿದ್ದು ನಮಗಾಗಿ ಅಲ್ಲವೇ ಅಲ್ಲ! ಎರಡನೇ ಮಹಾಯುದ್ಧದಲ್ಲಿ ಹಸಿದ ಯುರೋಪಿಗೆ ಪೊಟ್ಟಣ ಕಳಿಸಲು 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಅದು. ಮೊದಲ ಪೊಟ್ಟಣಗಳು ಇಳಿದದ್ದು ಫ್ರಾನ್ಸಿನ ಬಂದರಿನಲ್ಲಿ, 1946ರಲ್ಲಿ. ಫ್ರೆಂಚರ ಹಸಿವಿಗೆ ಹೊರಟ ಡಬ್ಬಿ ಸುತ್ತಿ ಬಳಸಿ ನಮ್ಮ ಒಲೆಯ ಮೇಲೆ ಉಪ್ಪಿಟ್ಟಾಯಿತು!

ಶಾಲೆಯ ಅನ್ನದ ಕ್ಯಾಲರಿ ಎಣಿಸಿದವರು ಯಾರು? ಡಾಕ್ಟರಲ್ಲ, ನ್ಯಾಯಾಧೀಶರು! 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಹೇಳಿತು: ಬೇಯಿಸಿದ ಊಟವನ್ನೇ ಕೊಡಿ, ಕನಿಷ್ಠ 300 ಕ್ಯಾಲರಿ ಇರಲಿ, 8ರಿಂದ 12 ಗ್ರಾಂ ಪ್ರೋಟೀನ್ ಇರಲಿ, ವರ್ಷಕ್ಕೆ ಕನಿಷ್ಠ 200 ದಿನ ಕೊಡಿ. ಕೋರ್ಟಿನ ಆದೇಶದಲ್ಲಿ ಪ್ರೋಟೀನಿನ ಲೆಕ್ಕ! ಇವತ್ತು ಈ ಅಳತೆ ಮೇಲೇರಿದೆ. ಚಿಕ್ಕ ಮಕ್ಕಳಿಗೆ 450 ಕ್ಯಾಲರಿ, ಆರರಿಂದ ಎಂಟನೇ ತರಗತಿಯವರಿಗೆ 700.

ಈ ಕ್ಯಾಲರಿ ಅಡುಗೆಮನೆಗೆ ಬಂದರೆ ಹೇಗೆ ಕಾಣುತ್ತದೆ? 100 ಚಿಕ್ಕ ಮಕ್ಕಳಿಗೆ ಒಂದು ಹೊತ್ತಿಗೆ 10 ಕಿಲೋ ಅಕ್ಕಿ, 2 ಕಿಲೋ ಬೇಳೆ, 5 ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ. ದಿನವೂ ಒಂದು ಸಣ್ಣ ಮದುವೆ!

ಇನ್ನೊಂದು ಲೆಕ್ಕ ಮಾಡಿ. ತಾಟಿಗೆ 100 ಗ್ರಾಂ ಅಕ್ಕಿ, ವರ್ಷಕ್ಕೆ 200 ದಿನ, ಒಂದರಿಂದ ಐದನೇ ತರಗತಿ. ಒಂದು ಮಗು ಪ್ರೈಮರಿ ಮುಗಿಸುವಷ್ಟರಲ್ಲಿ ಉಂಡ ಅಕ್ಕಿ ಭರ್ತಿ ಒಂದು ಕ್ವಿಂಟಲ್!

ಶಾಲೆಯ ಈ ಅಕ್ಕಿ ನೀರಿಗೆ ಹಾಕಿದರೆ ಕೆಲವು ಕಾಳು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಬಂದಿದೆ ಎಂದು ಎಷ್ಟು ಊರುಗಳಲ್ಲಿ ಗದ್ದಲವಾಯಿತು! ನಿಜ ಕೇಳಿ. ಆ ಕಾಳನ್ನು ಮನುಷ್ಯರು ಮಾಡಿದ್ದು ಹೌದು, ಆದರೆ ಅಕ್ಕಿಯಿಂದಲೇ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಮತ್ತೆ ಕಾಳಿನ ಆಕಾರ ಕೊಡುತ್ತಾರೆ. ಸುಮಾರು 100 ಕಾಳಿಗೆ ಇಂಥ ಕಾಳು ಒಂದು. ನಮ್ಮ ಶ್ಯಾವಿಗೆ ಒತ್ತಿದ ಹಾಗೆ ಅಕ್ಕಿ ಒತ್ತುವುದು! ಹೆಂಗಸರು ಮೊರದಲ್ಲಿ ಕೇರುವಾಗ ಅನುಮಾನದಿಂದ ಆರಿಸಿ ಎಸೆಯುವುದು ಆ ಒಂದನ್ನೇ. ಔಷಧಿ ತೆಗೆದು ಅಕ್ಕಿ ಬೇಯಿಸಿದ ಹಾಗಾಯಿತು!

ಈಗ ಮೊಟ್ಟೆ. ಈ ಕಡೆ ಅದು ತತ್ತಿ. 2021ರ ಡಿಸೆಂಬರಿನಲ್ಲಿ ಶಾಲೆಯ ತಾಟಿಗೆ ತತ್ತಿ ಬಂತು. ಮೊದಲು ಎಲ್ಲಿಗೆ, ಊಹಿಸಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಮಕ್ಕಳಿಗೆ! ಅನ್ನಕ್ಕೂ ಮೊದಲ ಸಾಲು, ತತ್ತಿಗೂ ಮೊದಲ ಸಾಲು. ತತ್ತಿ ತಿನ್ನದವರಿಗೆ ಬಾಳೆಹಣ್ಣು.

ತತ್ತಿ ಬೇಡ ಎಂದು ಕೆಲವು ಮಠಾಧೀಶರು ಗಟ್ಟಿಯಾಗಿ ಹೇಳಿದರು. ಅವರಿಗೆ ಉತ್ತರ ಕೊಟ್ಟದ್ದು ಯಾವ ಮಂತ್ರಿಯೂ ಅಲ್ಲ, ಗಂಗಾವತಿಯ ಒಬ್ಬ ಶಾಲಾ ಹುಡುಗಿ! ನಮಗೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಅವಳು ಮೈಕಿನ ಮುಂದೆ ಹೇಳಿದ ವಿಡಿಯೋ ನಾಡಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ತತ್ತಿಯಂತೂ ನಿಲ್ಲಲಿಲ್ಲ. ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿ ವಾರಕ್ಕೆ ಆರು ದಿನವಾಯಿತು. ಎರಡು ದಿನದ ತತ್ತಿ ಸರ್ಕಾರದ್ದು, ನಾಲ್ಕು ದಿನದ್ದು ಅವರದು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, ಬರೀ ತತ್ತಿಗೆ!

ಒಂದು ತತ್ತಿಗೆ ಸರ್ಕಾರ ಇಟ್ಟ ಲೆಕ್ಕ 6 ರೂಪಾಯಿ. ಅದರೊಳಗೆ ಸಿಪ್ಪೆ ಸುಲಿಯುವುದಕ್ಕೆಂದೇ 30 ಪೈಸೆ! 30 ಪೈಸೆಯ ಮಾತು ನೀವು ಕೊನೆಯ ಸಲ ಕೇಳಿದ್ದು ಯಾವಾಗ? ಅಂಗಡಿಯಲ್ಲಿ ಸತ್ತುಹೋದ ಚಿಲ್ಲರೆ ಶಾಲೆಯ ಅಡುಗೆಮನೆಯಲ್ಲಿ ಇನ್ನೂ ಬದುಕಿದೆ.

ತತ್ತಿ ತಿಂದದ್ದಕ್ಕೆ ತಕ್ಕಡಿ ಏನೆಂದಿತು? ತತ್ತಿ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ಅಧ್ಯಯನವೊಂದರಲ್ಲಿ ತೂಗಿ ಹೋಲಿಸಿದರು. ಎಂಟನೇ ತರಗತಿಯ ಹುಡುಗಿಯರಲ್ಲಿ ತೂಕದ ಏರಿಕೆ ಯಾದಗಿರಿಯಲ್ಲಿ ಶೇ 71ರಷ್ಟು ಹೆಚ್ಚು ಕಂಡಿತು. ವಾದ ಮಾಡಿದವರಿಗಿಂತ ತಕ್ಕಡಿ ಚುಟುಕಾಗಿ ಮಾತಾಡಿತು!

ಹಾಲಿನ ಕಥೆ ಇನ್ನೂ ವಿಚಿತ್ರ. ಎಮ್ಮೆ, ಹಸುವಿನ ಹಾಲನ್ನು ಡೇರಿಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಶಾಲೆಯಲ್ಲಿ ಆ ಪುಡಿಗೆ ನೀರು ಹಾಕಿ ಮತ್ತೆ ಹಾಲು ಮಾಡುತ್ತಾರೆ! 18 ಗ್ರಾಂ ಪುಡಿಗೆ 150 ಮಿಲಿಲೀಟರ್ ಹಾಲು. ಹೆಸರು ಕ್ಷೀರಭಾಗ್ಯ, ಹುಟ್ಟಿದ ದಿನ 2013ರ ಆಗಸ್ಟ್ 1. ಆಗ ಒಕ್ಕೂಟಗಳಲ್ಲಿ ಹಾಲು ಹೆಚ್ಚಾಗಿ ಏನು ಮಾಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರು. ಆ ಕಡೆ ಹಾಲು ಜಾಸ್ತಿ, ಈ ಕಡೆ ಹಸಿವು ಜಾಸ್ತಿ. ಎರಡಕ್ಕೂ ಒಂದೇ ಲೋಟ! 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಅದೇ ಹಾಲಿಗೆ ರಾಗಿ ಪುಡಿಯೂ ಬಿದ್ದಿದೆ. ಬಿಳಿಜೋಳದ ರೊಟ್ಟಿ ತಿಂದು ಬೆಳೆದ ದೇವದುರ್ಗದ ಹುಡುಗರ ಬಾಯಿಗೆ ಹಳೇ ಮೈಸೂರಿನ ರಾಗಿ!

ಮಕ್ಕಳಿಗಿಂತ ಮೊದಲು ಉಣ್ಣುವವರು ಯಾರು? ಮೇಷ್ಟ್ರು! ಹಸಿವಾಗಿ ಅಲ್ಲ, ನಿಯಮ ಹಾಗಿದೆ. ಅನ್ನ ಸಾರು ರುಚಿ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಸೌಟು ಅಲುಗಬೇಕು. ಹಿಂದೆ ರಾಜರಿಗೆ ಇಂಥ ರುಚಿಗಾರರು ಇರುತ್ತಿದ್ದರು. ಈಗ ಒಂದನೇ ತರಗತಿಯ ಪುಟ್ಟಿಗೆ ಇದ್ದಾರೆ!

ದಿನವೂ ಸಣ್ಣ ಮದುವೆಯಷ್ಟು ಬೇಯಿಸುವವರು ಎಷ್ಟು ಜನ? 25 ಮಕ್ಕಳ ತನಕ ಒಬ್ಬರು, 100ರ ತನಕ ಇಬ್ಬರು. ಆಮೇಲೆ ಪ್ರತಿ 100ಕ್ಕೆ ಇನ್ನೊಬ್ಬರು. ಹೆಚ್ಚುಕಮ್ಮಿ ಎಲ್ಲರೂ ಹೆಂಗಸರೇ. ಅವರಿಗೆ ಸಿಗುವುದಕ್ಕೆ ಸಂಬಳ ಎಂದು ಹೆಸರಿಲ್ಲ, ಅದು 'ಗೌರವಧನ'. 2022ರಿಂದ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 3,700 ರೂಪಾಯಿ ಇತ್ತು. 2025ರ ಬಜೆಟ್ಟಿನಲ್ಲಿ 1,000 ಏರಿತು. ಗೌರವ ಬಹಳ, ಧನ ಮಾತ್ರ ಅಷ್ಟೇ! (ನನ್ನನ್ನು ಕೇಳಿದರೆ, ಈ ಅಂಕಣದ ಅತಿ ದೊಡ್ಡ ಅಚ್ಚರಿ ಇದೇ.)

ಈ ಸೀಮೆಯಲ್ಲಿ ಊಟದ ಬೆಲ್ಲಿಗೆ ಒಬ್ಬ ಎದುರಾಳಿ ಇದ್ದಾನೆ. ಹತ್ತಿ! ಕಾಯಿ ಒಡೆದು ಹೊಲ ಬೆಳ್ಳಗಾದರೆ ಬಿಡಿಸಲು ಕೈ ಬೇಕು. ಸಣ್ಣ ಕೈಗಳೂ ಟಂಟಂ ಹತ್ತುತ್ತವೆ. ಆಮೇಲೆ ಮೆಣಸಿನಕಾಯಿ. ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ಗುಳೆ, ಬೆಂಗಳೂರಿಗೋ ಪುಣೆಗೋ. ಒಂದು ಕಡೆ ದಿನದ ಕೂಲಿ, ಇನ್ನೊಂದು ಕಡೆ ಅನ್ನ, ಸಾರು, ತತ್ತಿ. ಶಾಲೆಯ ಹಾಜರಿ ಪುಸ್ತಕದಲ್ಲಿ ದಿನವೂ ನಡೆಯುವುದು ಈ ಹಗ್ಗಜಗ್ಗಾಟವೇ!

ಊಟ ಎಷ್ಟು ಎಳೆಯುತ್ತದೆ? 2003ರಲ್ಲಿ ಅರ್ಥಶಾಸ್ತ್ರಜ್ಞ ಜೀನ್ ಡ್ರೇಜ್ ಮತ್ತು ಸಂಗಡಿಗರು ಕರ್ನಾಟಕ, ರಾಜಸ್ಥಾನ, ಛತ್ತೀಸಗಢದ 81 ಶಾಲೆ ಸುತ್ತಿದರು. ಬಿಸಿಯೂಟ ಬಂದ ಮೇಲೆ ಒಂದನೇ ತರಗತಿಗೆ ಸೇರಿದ ಹುಡುಗಿಯರ ಸಂಖ್ಯೆ ಸುಮಾರು ಶೇ 19 ಏರಿತ್ತು. ಪಾಠ ಅದೇ, ಕಟ್ಟಡ ಅದೇ. ಹೊಸದು ಸಾರಿನ ವಾಸನೆ ಒಂದೇ!

ಉಂಡದ್ದು ಎಷ್ಟು ದಿನ ಮೈಯಲ್ಲಿ ಉಳಿಯುತ್ತದೆ? ಸಂಜೆ ತನಕ ಎಂದಿರಾ? ಒಂದು ತಲೆಮಾರಿನ ತನಕ! ಚಿಕ್ಕವರಿದ್ದಾಗ ಶಾಲೆಯಲ್ಲಿ ಉಂಡ ಹುಡುಗಿಯರು ತಾಯಂದಿರಾದಾಗ ಅವರ ಮಕ್ಕಳ ಎತ್ತರ ಉತ್ತಮವಾಗಿತ್ತು ಎಂದು ಭಾರತದ ಅಂಕಿಅಂಶ ಜಾಲಾಡಿದ ಅಧ್ಯಯನವೊಂದು 2021ರಲ್ಲಿ ಹೇಳಿತು. ಅವ್ವ ಉಂಡ ಸಾರಿಗೆ ಮಗು ಉದ್ದವಾಯಿತು! ಓದಿಗೂ ಲಾಭ ಇದೆ. ಐದು ವರ್ಷದ ತನಕ ಊಟ ಸಿಕ್ಕ ಮಕ್ಕಳು ವರ್ಷವೂ ಸಿಗದವರಿಗಿಂತ ಓದುವ ಪರೀಕ್ಷೆಯಲ್ಲಿ ಶೇ 18 ಮುಂದಿದ್ದರು ಎನ್ನುತ್ತದೆ ಇನ್ನೊಂದು ಅಧ್ಯಯನ.

ಆದರೆ ಹುಷಾರ್, ತಾಟಿನಲ್ಲಿ ಒಬ್ಬ ಕಳ್ಳನೂ ಕೂತಿರುತ್ತಾನೆ. ಹೊಟ್ಟೆಯ ಜಂತುಹುಳು! ಹೊರಗಿನಿಂದ ಬಂದ ಕಬ್ಬಿಣಾಂಶ, ಹಾಲು, ತತ್ತಿ ಎಲ್ಲದರಲ್ಲೂ ಅವನಿಗೆ ಪಾಲು. ಅದಕ್ಕೇ ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು ದೇಶಕ್ಕೆಲ್ಲ ಒಂದೇ ಸಲ ಗುಳಿಗೆ. ನುಂಗುವ ಹಾಗಿಲ್ಲ, ಅಗಿಯಬೇಕು!

ಈಗ ಸ್ವಲ್ಪ ದೂರ ಹೋಗೋಣ. ಆಫ್ರಿಕಾದ ಬಡ ದೇಶ ಮಲಾವಿ. ಅಲ್ಲಿ 200 ಮಕ್ಕಳಿಗೆ ಒಂದು ದತ್ತಿ ಸಂಸ್ಥೆ ಗಂಜಿ ಕೊಡಲು ಶುರು ಮಾಡಿತು. ಯಾವ ವರ್ಷ? 2002! ರಾಯಚೂರಿನ ಒಲೆ ಹಚ್ಚಿದ ವರ್ಷವೇ. 'ಮೇರೀಸ್ ಮೀಲ್ಸ್' ಎಂಬ ಆ ಸಂಸ್ಥೆ ನಡೆಯುವುದು ಸ್ಕಾಟ್ಲೆಂಡಿನಿಂದ. ಇಲ್ಲಿ ತಾಟು ಬಡಿಯುವ ಸದ್ದು, ಅಲ್ಲಿ ಮಗ್ಗು ಹಿಡಿದ ಸಾಲು. ಅವರ ಗಂಜಿಯಲ್ಲಿ ಮೆಕ್ಕೆಜೋಳ, ಸೋಯಾ. ಹೆಚ್ಚುಕಮ್ಮಿ ನಮ್ಮ ಕೇರ್ ಉಪ್ಪಿಟ್ಟಿನ ತಮ್ಮ!

ಕೆನ್ಯಾದ ಬಾರಿಂಗೊದಲ್ಲಿ ಒಬ್ಬ ಹುಡುಗ ಹಸಿದೇ ಶಾಲೆಗೆ ನಡೆಯುತ್ತಿದ್ದ. ಅವನಿಗೆ ಎಂಟು ವರ್ಷವಾದಾಗ ಶಾಲೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಊಟ ಶುರುವಾಯಿತು. 2003ರಲ್ಲಿ ಅವನು ಬರ್ಲಿನ್ನಿನಲ್ಲಿ ಮ್ಯಾರಥಾನ್ ಓಡಿದ. 2 ಗಂಟೆ 4 ನಿಮಿಷ 55 ಸೆಕೆಂಡ್, ವಿಶ್ವದಾಖಲೆ! ಹೆಸರು ಪಾಲ್ ಟೆರ್ಗಾಟ್. ಮರುವರ್ಷ ಅದೇ ವಿಶ್ವ ಆಹಾರ ಕಾರ್ಯಕ್ರಮದ ರಾಯಭಾರಿ.

ಅದೇ ಕೆನ್ಯಾದ ನೈರೋಬಿಯಲ್ಲಿ ಮಕ್ಕಳು ಕೈಗೆ ಕಟ್ಟಿದ ಪಟ್ಟಿಯನ್ನು ಯಂತ್ರಕ್ಕೆ ತಾಗಿಸಿ ಊಟ ಪಡೆಯುತ್ತಾರೆ. ಅಪ್ಪ ಅಮ್ಮ ಮೊಬೈಲಿನಿಂದ ಅದಕ್ಕೆ ಚಿಲ್ಲರೆ ತುಂಬಿಸುತ್ತಾರೆ. ತಾಗಿಸು, ಉಣ್ಣು!

ಬ್ರೆಜಿಲ್ 2009ರಲ್ಲಿ ಒಂದು ಕಾನೂನು ಮಾಡಿತು. ಶಾಲೆಯೂಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30 ಸಣ್ಣ ರೈತ ಕುಟುಂಬಗಳ ಬೆಳೆಗೇ ಹೋಗಬೇಕು ಎಂದಿತು ಅದು! ಸುತ್ತ ಭತ್ತದ ಗದ್ದೆ ಇರುವ ಮಾನ್ವಿಯವರು ಇದನ್ನು ಕೇಳಿ ಒಮ್ಮೆ ಮೀಸೆ ಸವರಿಕೊಳ್ಳಬಹುದು.

ಜಪಾನಿನ ಶಾಲೆಯೂಟ ಹುಟ್ಟಿದ್ದು ಮಠದಲ್ಲಿ! 1889ರಲ್ಲಿ ತ್ಸುರುಒಕಾ ಎಂಬ ಊರಿನ ಬೌದ್ಧ ದೇವಾಲಯದ ಶಾಲೆಯಲ್ಲಿ ಬಡ ಮಕ್ಕಳಿಗೆ ಅನ್ನದ ಉಂಡೆ, ಸುಟ್ಟ ಮೀನು, ಉಪ್ಪಿನಕಾಯಿ ಕೊಟ್ಟರು. ಮೀನೊಂದನ್ನು ಬಿಟ್ಟರೆ ನಮ್ಮ ಬುತ್ತಿಯೇ!

ಜಗತ್ತಿನಲ್ಲಿ ಒಟ್ಟು ಎಷ್ಟು ಮಕ್ಕಳು ಹೀಗೆ ಶಾಲೆಯಲ್ಲಿ ಉಣ್ಣುತ್ತಾರೆ? ವಿಶ್ವ ಆಹಾರ ಕಾರ್ಯಕ್ರಮದ 2024ರ ಲೆಕ್ಕದಲ್ಲಿ 46.6 ಕೋಟಿ! ಅತಿ ವೇಗವಾಗಿ ಪಂಕ್ತಿ ಬೆಳೆದದ್ದು ಶ್ರೀಮಂತ ದೇಶಗಳಲ್ಲಿ ಎಂದುಕೊಂಡಿರಾ? ತಪ್ಪು. ಕಡಿಮೆ ಆದಾಯದ ದೇಶಗಳಲ್ಲಿ! ಎರಡೇ ವರ್ಷದಲ್ಲಿ ಶೇ 60ರ ಹತ್ತಿರ ಏರಿಕೆ. ಕೈಯಲ್ಲಿ ಕಾಸಿಲ್ಲದವರೇ ಹೆಚ್ಚು ಎಲೆ ಹಾಕಿದ್ದಾರೆ.

ರಜೆ ಬಂದರೆ ಹಸಿವಿಗೂ ರಜೆಯೇ? ಇಲ್ಲವಲ್ಲ. ಅದಕ್ಕೆ ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಊಟ ಹಾಕಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು. 2024ರ ಬರದ ಬೇಸಿಗೆಯಲ್ಲಿ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಹಾಗೆಯೇ ಆಯಿತು. ರಾಯಚೂರಿನ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಪಾಠವಿಲ್ಲ, ಪರೀಕ್ಷೆಯಿಲ್ಲ, ಆದರೂ ಮಕ್ಕಳು ತಾಟು ಹಿಡಿದು ಶಾಲೆಯತ್ತ! ರಜೆಯಲ್ಲಿ ಶಾಲೆಗೆ ಓಡುವ ಮಕ್ಕಳನ್ನು ಬೇರೆಲ್ಲಿ ನೋಡಿದ್ದೀರಿ?

ಕೊನೆಗೆ ಒಂದು ಹೆಸರಿನ ಫಜೀತಿ. ಮಗುವಿನ ಹುಟ್ಟುಹಬ್ಬ, ಮದುವೆ, ಮನೆಯ ಯಾವುದೇ ಸಂಭ್ರಮಕ್ಕೆ ಊರವರು ಶಾಲೆಯ ಮಕ್ಕಳಿಗೆ ವಿಶೇಷ ಊಟ ಹಾಕಿಸಬಹುದು. ಗುಜರಾತಿನಲ್ಲಿ ಹುಟ್ಟಿದ ಈ ಚಂದದ ಪದ್ಧತಿಯನ್ನು ಕೇಂದ್ರ ಸರ್ಕಾರ ಈಗ ದೇಶಕ್ಕೆಲ್ಲ ಹೇಳಿಕೊಡುತ್ತಿದೆ. ಹೋಳಿಗೆ, ಪಾಯಸ, ಏನು ಬೇಕಾದರೂ ಬಡಿಸಿ. ಅದಕ್ಕೆ ಗುಜರಾತಿನವರು ಇಟ್ಟ ಹೆಸರು ಏನು ಗೊತ್ತೇ? ತಿಥಿ ಭೋಜನ! ಅವರಿಗೆ ತಿಥಿ ಎಂದರೆ ಪಂಚಾಂಗದ ದಿನ. ನಮಗೆ? ಮೊಮ್ಮಗನ ಹುಟ್ಟುಹಬ್ಬಕ್ಕೆ ತಿಥಿ ಊಟ ಹಾಕಿಸುತ್ತೇನೆ ಎಂದು ಮಸರಕಲ್ಲಿನ ಯಾವುದಾದರೂ ಕಟ್ಟೆಯ ಮೇಲೆ ಒಮ್ಮೆ ಹೇಳಿ ನೋಡಿ!